ಅವಳು ತಡ ಮಾಡಿರಲಿಲ್ಲ

ನನ್ನ ಹೆಂಡತಿ ತೀರಿಕೊಂಡ ತಿಂಗಳಲ್ಲೇ ಅವಳ ಕ್ರೆಡಿಟ್ ಕಾರ್ಡಿನ ಬಿಲ್ಲು ಬಂತು. ಹಿಂದಿನ ಹಣ ತಡವಾಗಿ ಬಂದಿದೆ, ದಂಡ ಹಾಕಿದ್ದೇವೆ, ತಡವಾದ ವಿಷಯವನ್ನು ಸಾಲಗಾರರ ವಿವರ ಇಡುವ ಸಂಸ್ಥೆಗೂ ತಿಳಿಸಿದ್ದೇವೆ ಎಂದು ಅದರಲ್ಲಿತ್ತು. ಓದಿ ಬೀದಿಗೆ ಬಂದೆ. ಮತ್ತೆ ಒಳಗೆ ಹೋಗಿ ಓದಿದೆ.

ನಾನು ನಂಜನಗೂಡಿನಲ್ಲಿ ಟೈಲರ್. ತಡ ಮಾಡುವುದರಲ್ಲಿ ಹೆಸರುವಾಸಿ. ದೀಪಾವಳಿಗೆ ಕೊಟ್ಟ ಬಟ್ಟೆ ಸಂಕ್ರಾಂತಿಗೆ ಸಿಗುತ್ತದೆ ಎಂದು ಗಿರಾಕಿಗಳು ಆಡಿಕೊಳ್ಳುತ್ತಿದ್ದರು. ಅವಳು ತಿ. ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಬಸ್ಸಿಗಿಂತ ಮೊದಲೇ ನಿಲ್ದಾಣದಲ್ಲಿ ಇರುವವಳು. ಮೋಟಾರು ಇದ್ದರಾದರೂ ಜನ ಬಯ್ಯುವುದು ಕಡಿಮೆಯಾದೀತು ಎಂದು ಆ ಕಾರ್ಡಿನಲ್ಲೇ ನನ್ನ ಹೊಲಿಗೆ ಮಿಷನ್ನಿಗೆ ಮೋಟಾರು ಕೊಡಿಸಿದ್ದಳು.

ಆ ಕಾರ್ಡಿನ ಬಾಕಿಗೆ ಅವಳು ಕೊನೆಯ ಚೆಕ್ಕು ಹಾಕುವಾಗ ನಾನು ಜೊತೆಯಲ್ಲೇ ಇದ್ದೆ. ಅವಳನ್ನು ಮೈಸೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಲು ಕರೆದೊಯ್ಯುತ್ತಿದ್ದೆ. ಗಡುವಿಗೆ ಇನ್ನೂ ದಿನಗಳಿದ್ದವು. ಬ್ಯಾಂಕಿನ ಬಾಗಿಲಲ್ಲಿ ಚೆಕ್ಕಿನ ಡಬ್ಬ ಕಂಡದ್ದೇ ಆಟೊ ನಿಲ್ಲಿಸಿದಳು. ನಾನು ಹಾಕಿ ಬರುತ್ತೇನೆ ಎಂದೆ.

"ನಿಮ್ಮ ಕೈಗಾ? ನಾಳೆ ಬಾ ಅಂತ ಅದಕ್ಕೂ ಹೇಳ್ಬುಟ್ಟೀರ!"

ನನ್ನ ಭುಜ ಹಿಡಿದು ಇಳಿದು ತಾನೇ ಹಾಕಿದಳು. ಆಮೇಲೆ ಅವಳು ತನ್ನ ಕಾಲ ಮೇಲೆ ಎಲ್ಲಿಗೂ ನಡೆದು ಹೋಗಲಿಲ್ಲ.

ಫೋನ್ ಮಾಡಿದರೆ, ಕಾರ್ಡು ಯಾರದೋ ಅವರೇ ಮಾತನಾಡಬೇಕು ಎಂದರು. ಸೋಮವಾರ ಮೈಸೂರಿನ ಬ್ಯಾಂಕಿಗೆ ಹೋದೆ. ಕಾರ್ಡು ನೋಡಿಕೊಳ್ಳುವ ಹುಡುಗ ಮರಣಪತ್ರ ನೋಡಿ ದನಿ ತಗ್ಗಿಸಿದ.

"ಅರ್ಥ ಆಗುತ್ತೆ ಸಾರ್. ದಂಡ ಮನ್ನಾ ಮಾಡಿಸ್ತೀನಿ."

"ಮನ್ನಾ ಬ್ಯಾಡ ಸಾ. ತಡ ಆಗಿಲ್ಲ ಅಂತ ಬರೀರಿ."

"ಎರಡೂ ಒಂದೇ ಅಲ್ವಾ?"

"ಅದೆಂಗೆ ಒಂದೇ ಆಯ್ತದೆ? ಮನ್ನಾ ಮಾಡುದ್ರೆ ತಪ್ಪು ಅವಳ್ದೇ ಅಂತಾಯ್ತು."

ಅವಳ ಪಾಸ್‌ಬುಕ್ ತೋರಿಸಿದೆ. ಗಡುವಿಗೆ ಮೊದಲೇ ಹಣ ಅವಳ ಖಾತೆಯಿಂದ ಹೋಗಿತ್ತು. ಕಾರ್ಡಿನ ಲೆಕ್ಕಕ್ಕೆ ಸೇರಿಸಿಕೊಳ್ಳುವುದರಲ್ಲಿ ತಡ ಮಾಡಿದವರು ಅವರೇ. ಹುಡುಗ ಜೆರಾಕ್ಸ್ ತೆಗೆದುಕೊಂಡು, ಮೇಲಿನವರಿಗೆ ಕಳಿಸುತ್ತೇನೆ ಎಂದ.

ಉತ್ತರ ಬರಲಿಲ್ಲ. ಮತ್ತೆ ಮತ್ತೆ ಹೋದೆ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗದೆ ನಿಂತೇ ಹೋಗುತ್ತಿದ್ದೆ. ಅಂಗಡಿಯಲ್ಲಿ ಒಂದು ಹೊಲಿಗೆ ಮುಗಿಯುವಷ್ಟರಲ್ಲಿ ಎದ್ದು, ಪೋಸ್ಟ್‌ಮ್ಯಾನ್ ಬಂದನೇ ಎಂದು ಬಾಗಿಲಿಗೆ ಬರುತ್ತಿದ್ದೆ. ಒಬ್ಬರ ಅಂಗಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಬಿಟ್ಟೆ.

ಸೋಸಲೆಯಿಂದ ಅವಳ ತಮ್ಮ ಬಂದ. ಆ ಅಂಗಿಯನ್ನು ಎತ್ತಿ ನೋಡಿ ಕೆಳಗಿಟ್ಟ.

"ಓಗ್ಲಿ ಬುಡಿ ಬಾವ. ಅಕ್ಕನೇ ಇಲ್ಲ. ಅವಳ ರೆಕಾರ್ಡು ನೋಡಿ ಇನ್ಯಾರು ಸಾಲ ಕೊಟ್ಟಾರು?"

"ಸಾಲಕ್ಕಲ್ಲ ಕಣ್ಲಾ. ಅವಳ್ನ ತಡ ಮಾಡೋಳು ಅಂತ ಎಲ್ಲೋ ಬರ್ಕಂಡವ್ರೆ. ನನ್ನ ಅಂದಿದ್ರೆ ಒಪ್ಕತಿದ್ದೆ."

ಅವನು ನಗಲು ಹೋಗಿ ಮುಖ ತಿರುಗಿಸಿಕೊಂಡ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಂಗಡಿಯ ಫೋನ್ ಬಡಿದುಕೊಂಡಿತು. ಕಾರ್ಡಿಗೆ ಅವಳು ಕೊಟ್ಟಿದ್ದು ಅಂಗಡಿಯ ನಂಬರನ್ನೇ. ಕಾರ್ಡಿನವರ ಕಡೆಯ ಒಂದು ಹುಡುಗಿ.

"ಮೇಡಂ ಇದಾರಾ ಸರ್? ಅವರ ಕಾರ್ಡ್ ಲಿಮಿಟ್ ಜಾಸ್ತಿ ಮಾಡ್ತಿದೀವಿ. ಮೇಡಂ ಇದುವರೆಗೂ ಒಂದು ಪೇಮೆಂಟೂ ತಡ ಮಾಡಿಲ್ಲ."

ಸಾವಿನ ಸುದ್ದಿ ಆ ಹುಡುಗಿಯವರೆಗೆ ಮುಟ್ಟಿರಲಿಲ್ಲ. ತಡವೆಂದು ಬರೆದದ್ದನ್ನು ಮಾತ್ರ ಯಾರೋ ತಿದ್ದಿರಬೇಕು. ಮೋಟಾರು ನಿಲ್ಲಿಸಿದೆ.

"ನಿಮ್ಮತ್ರ ಅಂಗಂತ ಅದಾ?"

"ಹೌದು ಸರ್, ಕಂಪ್ಯೂಟರ್‌ನಲ್ಲೇ ಇದೆ."

"ಇನ್ನೊಂದ್ಸಲ ಏಳವ್ವ."

ನನಗೆ ಕೇಳಿಸಲಿಲ್ಲವೆಂದುಕೊಂಡು ಹುಡುಗಿ ಬಿಡಿಸಿ ಬಿಡಿಸಿ ಹೇಳಿದಳು. ಒಂದು ಪೇಮೆಂಟೂ ತಡ ಮಾಡಿಲ್ಲ. ಆಮೇಲೆ, "ಮೇಡಂಗೆ ಕೊಡ್ತೀರಾ ಸರ್?" ಎಂದಳು.

"ಅವಳು ತೀರ್ಕಂಡ್ಳು ಕಣವ್ವ. ಕಾರ್ಡು ನಿಲ್ಸ್‌ಬುಡಿ."

ಫೋನ್ ಇಟ್ಟಾಗ, ಅಷ್ಟೊತ್ತಿನಿಂದ ಬಾಗಿಲಲ್ಲೇ ನಿಂತಿದ್ದ ಗಿರಾಕಿ ಕೇಳಿದ: "ಅಣ್ಣ, ನನ್ ಪ್ಯಾಂಟು ಇವತ್ತೂ ಇಲ್ವಾ?"

"ನಾಳೆ," ಎಂದೆ.

ಅವನು ಗೊಣಗುತ್ತಾ ಹೋದ. ಅಂಗಡಿಗೆ ಬೀಗ ಹಾಕಿ ಹೊಳೆಯ ಕಡೆ ನಡೆದೆ. ಮೆಟ್ಟಿಲ ಮೇಲೆ ಕೂರೋಣವೆಂದುಕೊಂಡೆ, ಅಲ್ಲಿಯೂ ಕೂರಲಾಗಲಿಲ್ಲ.