ನನ್ನ ಗಂಟಲು ಕಾದ ಹಿಲ್ಡಾ ಬಾಯಿ

ಹಿಲ್ಡಾ ಬಾಯಿಗೆ ಪಿಸುಮಾತೆಂದರೆ ಆಗುತ್ತಿರಲಿಲ್ಲ. ಒಮಾನಿನ ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಅವರದು ಎದುರು ಫ್ಲಾಟು. ಮಧ್ಯಾಹ್ನ ಅವರಲ್ಲಿ ಬಂಗುಡೆ ಮೀನೋ ಅಂಜಲೋ ಎಂಬುದು ಲಿಫ್ಟಿನಿಂದ ಹೊರಗೆ ಬರುತ್ತಲೇ ಕಿವಿಗೆ ಬೀಳುತ್ತಿತ್ತು. ಶಿರ್ವದ ಕಡೆಯವರು, ಚರ್ಚಿನಲ್ಲಿ ಹಾಡುವವರು. ಯಾರಾದರೂ ದನಿ ತಗ್ಗಿಸಿ ಮಾತಾಡಿದರೆ, "ಎಂತ ಕದ್ದದ್ದಾ? ಗಟ್ಟಿ ಹೇಳು ಮಾರಾಯ್ತಿ" ಎನ್ನುತ್ತಿದ್ದರು.

ಅಂಥವರು ಒಂದು ದಿನ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ಇನ್ನು ಒಂದು ಶಬ್ದ ಆಡಬೇಡ" ಎಂದರು.

ಆಗ ನನ್ನ ಗಂಡ ದಿನೇಶ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು. ಆಫೀಸಿನಲ್ಲಿ ಕೂತಲ್ಲಿಂದಲೇ ಕುಸಿದು ಬಿದ್ದಿದ್ದರು, ಮೆದುಳಿನಲ್ಲಿ ರಕ್ತಸ್ರಾವ. ಆಪರೇಷನ್ ಆಗಿತ್ತು, ಎಚ್ಚರವಾಗಿರಲಿಲ್ಲ. ಏಳುತ್ತಾರೆಯೇ ಎಂದು ಕೇಳಿದರೆ ಡಾಕ್ಟರು "ನೋಡೋಣ" ಎನ್ನುತ್ತಿದ್ದರು. ಮಲಯಾಳಿ ನರ್ಸೊಬ್ಬಳು ಮಾತ್ರ ನನ್ನ ಭುಜ ಹಿಡಿದು, "ಮಾತಾಡ್ತಾ ಇರಿ ಅಕ್ಕಾ, ಪರಿಚಯದ ಧ್ವನಿ ಕೆಲವರಿಗೆ ಕೇಳಿಸುತ್ತದಂತೆ" ಎಂದು ಹಿಂದಿಯಲ್ಲಿ ಹೇಳಿದಳು.

ಹಿಡಿದುಕೊಳ್ಳಲು ನನಗೆ ಸಿಕ್ಕಿದ್ದು ಅದೊಂದೇ ಮಾತು. ಸಂಜೆ ಒಳಗೆ ಬಿಡುತ್ತಿದ್ದ ಆ ಒಂದು ಗಂಟೆ ನಾನು ಉಸಿರು ಬಿಡದೆ ಮಾತಾಡುತ್ತಿದ್ದೆ. ಮಗಳ ಶಾಲೆ, ಎಸಿಯ ರಿಪೇರಿ, ಕಾಪುವಿನಲ್ಲಿ ಅವರಮ್ಮ ಹೊತ್ತ ಹರಕೆ. ಹೇಳಲಿಕ್ಕೇನೂ ಉಳಿಯದಾಗ ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆ ಎಂದು ಹೇಳಿದೆ. ನಾನು ನಿಲ್ಲಿಸಿದರೆ ಅವರ ಉಸಿರಾಟದ ಯಂತ್ರದ ಸದ್ದೂ ನಿಂತುಹೋಗುತ್ತದೆ ಎಂಬ ಭಯ. ಹೊರಗೆ ಬಂದರೆ ಫೋನು. ಊರಿನ ಪ್ರತಿಯೊಬ್ಬರಿಗೂ ಮೊದಲಿನಿಂದ ವಿವರಿಸಬೇಕು. ವಾರವಾಗುವಷ್ಟರಲ್ಲಿ ಗಂಟಲಿನಿಂದ ಹರಿದ ಬಟ್ಟೆಯಂಥ ಸದ್ದು ಬರತೊಡಗಿತು. ಗಾಬರಿಯಿಂದ ಪಿಸುಗುಟ್ಟತೊಡಗಿದೆ.

"ಪಿಸಿಪಿಸಿ ಮಾಡಿದ್ರೆ ಇದ್ದದ್ದೂ ಹೋಗ್ತದೆ" ಎಂದರು ಹಿಲ್ಡಾ ಬಾಯಿ. ಅಂದಿನಿಂದ ನನ್ನ ಗಂಟಲು ಅವರ ವಶಕ್ಕೆ ಹೋಯಿತು. ಬೆಳಿಗ್ಗೆ ಉಪ್ಪು ಹಾಕಿದ ಬಿಸಿನೀರು ತಂದು, ನಾನು ಬಾಯಿ ಮುಕ್ಕಳಿಸುವುದನ್ನು ಸಿಂಕಿನ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಆಮೇಲೆ ಕಾಳುಮೆಣಸು, ಶುಂಠಿ, ಬೆಲ್ಲದ ಕಷಾಯ. ದವಡೆಯಲ್ಲಿಟ್ಟುಕೊಳ್ಳಲು ಜೇಷ್ಠಮಧುವಿನ ತುಂಡು. ತಲೆಗೆ ಟವೆಲ್ ಹೊದಿಸಿ ಹಬೆ. ಕೆಳಗಿನ ಮನೆಯ ಒಮಾನಿ ಅಜ್ಜಿ ಲುಬಾನ್ ಕೊಟ್ಟಳು. ಈ ಊರಲ್ಲಿ ಧೂಪಕ್ಕೆ ಹಾಕುವ ಅಂಟು. ಅದನ್ನು ನೀರಲ್ಲಿ ನೆನೆಸಿಟ್ಟು, ಹಾಲಿನಂತೆ ಬೆಳ್ಳಗಾದ ಮೇಲೆ ಹಿಲ್ಡಾ ಬಾಯಿ ನನಗೆ ಕುಡಿಸಿದರು. ಕಹಿಗೆ ನಾನು ಮುಖ ಹಿಂಡಿದರೆ, "ದಿನೇಶನಿಗೆ ಅಂತ ಕುಡಿ" ಎನ್ನುತ್ತಿದ್ದರು.

ನನ್ನ ಫೋನನ್ನೂ ಕಿತ್ತುಕೊಂಡರು. ಅತ್ತೆ ಫೋನು ಮಾಡಿದರೆ ಇವರದೇ ಉತ್ತರ: "ಶೋಭಾ ಮಾತಾಡುದಿಲ್ಲ ಅಮ್ಮ. ಇದ್ದ ಸ್ವರ ಎಲ್ಲಾ ಸಂಜೆಗೆ ಬೇಕು." ಮಗಳು ಅನ್ವಿಗೆ ಊಟ ಹಾಕುವುದೂ ಅವರೇ. ಅವಳು "ಐ ಆ್ಯಮ್ ನಾಟ್ ಹಂಗ್ರಿ ಆಂಟಿ" ಎಂದರೆ, "ಇಂಗ್ಲಿಷಿನಲ್ಲಿ ಹಸಿವಿಲ್ಲದಿದ್ರೆ ಕನ್ನಡದಲ್ಲಿ ತಿನ್ನು" ಎಂದು ತುತ್ತು ಕಲಸುತ್ತಿದ್ದರು.

ಆದರೂ ಒಂದು ಸಂಜೆ ಧ್ವನಿ ಪೂರಾ ಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ. ಆ ದಿನವೇ ಡಾಕ್ಟರು ದಿನೇಶರಿಗೆ ಜ್ವರ ಏರಿದೆ, ಶ್ವಾಸಕೋಶಕ್ಕೆ ಸೋಂಕು ತಗಲಿದೆ ಎಂದಿದ್ದರು. ನಾನು ಕಷಾಯದ ಲೋಟವನ್ನು ಗೋಡೆಗೆ ಎಸೆದು ನೆಲದ ಮೇಲೆ ಕೂತೆ. ಹಿಲ್ಡಾ ಬಾಯಿ ಬೈಯಲಿಲ್ಲ. ಗೋಡೆ ಒರೆಸಿದರು, ಸೀರೆ ಬದಲಿಸಿ ಬಂದರು. "ಏಳು. ನಾನು ಬರ್ತೇನೆ."

ಬಾಗಿಲಲ್ಲಿ ಕಾವಲಿನವನು ಒಬ್ಬರನ್ನೇ ಬಿಡುವುದು ಎಂದ. "ಇಸ್ಕಾ ಆವಾಜ್ ಮೈ ಹೂಂ" ಎಂದರು ಹಿಲ್ಡಾ ಬಾಯಿ. ಇವಳ ಧ್ವನಿ ನಾನು. ಅವನು ನನ್ನ ಮುಖವನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದ.

ನಾನು ದಿನೇಶರ ಕೈ ಹಿಡಿದುಕೊಂಡೆ. ಹಿಲ್ಡಾ ಬಾಯಿ ನನ್ನ ತುಟಿಗಳನ್ನೇ ನೋಡುತ್ತಾ, ಅವರ ಕಿವಿಯ ಹತ್ತಿರ ಬಗ್ಗಿ, ನಾವು ಮನೆಯಲ್ಲಾಡುವ ತುಳುವಿನಲ್ಲೇ ಹೇಳುತ್ತಾ ಹೋದರು. ಅನ್ವಿ ಊಟ ಮಾಡಿದಳು. ಅಮ್ಮ ನಿಮ್ಮನ್ನು ಕೇಳಿದರು. ಜ್ವರ ಇಳಿಯುತ್ತದೆ. ಆಮೇಲೆ ನನ್ನ ತುಟಿಗಳು ನನ್ನ ಹಿಡಿತದಲ್ಲಿರಲಿಲ್ಲ. ನನ್ನನ್ನು ಬಿಟ್ಟು ಹೋಗಬೇಡಿ, ನೀವಿಲ್ಲದೆ ನನಗೆ ಬದುಕಲು ಬರುವುದಿಲ್ಲ ಎಂದೆ. ಮದುವೆಯಾದಲ್ಲಿಂದ ಅವರಿಗೆ ಅಂಥ ಮಾತು ನಾನು ಹೇಳಿದವಳಲ್ಲ.

ಹಿಲ್ಡಾ ಬಾಯಿ ಅದನ್ನು ಹೇಳಲು ತಡವರಿಸಿದರು. ಅರ್ಥವಾಗಲಿಲ್ಲವೇನೋ ಎಂದು ಮತ್ತೆ ತುಟಿಯಾಡಿಸಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ನಂತರ ಆ ದಪ್ಪ ದನಿಯಲ್ಲಿ, ಒಂದು ಪದವನ್ನೂ ಬಿಡದೆ, ಪರಗಂಡಸಿನ ಕಿವಿಯಲ್ಲಿ ಅದಷ್ಟನ್ನೂ ಹೇಳಿದರು. ಅವರ ಗಲ್ಲದಿಂದ ಕಣ್ಣೀರು ದಿನೇಶರ ದಿಂಬಿನ ಮೇಲೆ ಬೀಳುತ್ತಿತ್ತು.

ದಿನೇಶ್ ಅಲುಗಲಿಲ್ಲ.

ಮುಂದೆಯೂ ಹಿಲ್ಡಾ ಬಾಯಿ ನನ್ನೊಡನೆ ಬಂದರು, ನನ್ನ ಗಂಟಲಿನಿಂದ ಗೊಗ್ಗರು ದನಿಯೊಂದು ಹೊರಡುವವರೆಗೆ. ಕಷಾಯವನ್ನೂ ಬಿಡಲಿಲ್ಲ. ಜ್ವರ ಇಳಿಯಿತು. ದಿನೇಶ್ ಕಣ್ಣು ತೆರೆದದ್ದು ಅದಾಗಿ ಎಷ್ಟೋ ದಿನಗಳ ಮೇಲೆ, ನಾವಿಬ್ಬರೂ ಇಲ್ಲದ ಒಂದು ಬೆಳಿಗ್ಗೆ. ಮಾತು ಬರಲು ತಿಂಗಳುಗಳೇ ಹಿಡಿದವು. ಬಂದ ಮೇಲೆ, ಹಿಲ್ಡಾ ಬಾಯಿ ಕಿವಿಯಲ್ಲಿ ಹೇಳಿದ್ದು ಕೇಳಿಸಿತ್ತೇ ಎಂದು ನಾನು ಆಸೆಯಿಂದ ಕೇಳಿದೆ. ಅವರಿಗೆ ಏನೂ ನೆನಪಿರಲಿಲ್ಲ. ಯಾರ ದನಿಯೂ ಕೇಳಿಸಿರಲಿಲ್ಲ.

ಅತ್ತುಕೊಂಡು ಎದುರು ಮನೆಗೆ ಹೋದೆ. ಹಿಲ್ಡಾ ಬಾಯಿ ಮೀನು ತೊಳೆಯುತ್ತಿದ್ದರು. "ಕೇಳದಿದ್ರೆ ಬೇಡ. ನಿಂಗೆ ಹೇಳ್ಲಿಕ್ಕಿತ್ತು, ಹೇಳಿದ್ದಿ. ಆ ತಟ್ಟೆ ಇತ್ತ ಕೊಡು" ಎಂದರು.

ಕಳೆದ ವರ್ಷ ಅವರ ಯಜಮಾನರ ಕೆಲಸ ಮುಗಿದು, ಇಬ್ಬರೂ ಒಮಾನ್ ಬಿಟ್ಟರು. ಕಳುಹಿಸಲು ದಿನೇಶ್ ಕೋಲೂರಿಕೊಂಡು ಕೆಳಗಿಳಿದರು. ಕಾರಿನ ಡಿಕ್ಕಿಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ತುಂಬಿ ಆಗಿತ್ತು. ದಿನೇಶ್ ಒಂದೊಂದೇ ಪದ ಹುಡುಕುತ್ತಾ ಕೇಳಿದರು: "ಬಾಯೀ, ಆವತ್ತು ಆಸ್ಪತ್ರೆಯಲ್ಲಿ... ನನ್ನ ಹತ್ತಿರ... ಏನು ಹೇಳಿದ್ದು ನೀವು?"

"ಅದು ನನ್ನ ಮಾತಲ್ಲ, ನಿನ್ನ ಹೆಂಡ್ತಿಯದ್ದು. ಅವಳ ಹತ್ರವೇ ಕೇಳು" ಎಂದು ಹಿಲ್ಡಾ ಬಾಯಿ ಕಾರಿನ ಬಾಗಿಲು ಎಳೆದುಕೊಂಡರು.

ಕಾರು ದೊಡ್ಡ ರಸ್ತೆಗೆ ತಿರುಗಿತು. ದಿನೇಶ್ ನನ್ನ ಮುಖ ನೋಡಿದರು. ಅಲ್ಲೇ, ಪಾರ್ಕಿಂಗಿನ ಬಿಸಿಲಲ್ಲಿ ನಿಂತು, ನಾನು ಹೇಳಿದೆ.