ಊದುಮೂತಿಯ ಕೂದಲು

ಚಿಕ್ಕಮ್ಮ ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಗಾಜುಗಳ ಪವರ್ ಪರೀಕ್ಷಿಸಿದವರು. ಕೈಯಲ್ಲಿ ಉಳಿದ ದುಡ್ಡನ್ನೆಲ್ಲ ಹಳೆಯ ಜರ್ಮನ್ ಗೊಂಬೆಗಳಿಗೆ ಸುರಿದರು. ಪಿಂಗಾಣಿ ಮುಖದ ಆ ಗೊಂಬೆಗಳನ್ನು ನೂರು ವರ್ಷದ ಹಿಂದೆ ನಿಜವಾದ ಮಕ್ಕಳನ್ನು ನೋಡಿ ಮಾಡಿದ್ದು. ಒಂದು ಮುನಿಸಿಕೊಂಡಿದೆ, ಇನ್ನೊಂದು ಇನ್ನೇನು ಅಳಬೇಕು.

"ಬರೀ ಮುದ್ದುಮುಖ ಯಾವ ಅಂಗಡೀಲಾದ್ರೂ ಸಿಗುತ್ತೆ ಬಿಡೋ" ಎನ್ನುತ್ತಿದ್ದರು.

ಒಟ್ಟು ಮೂವತ್ತೆಂಟು. ಎಲ್ಲವೂ ಮೂಲದ್ದೇ ಆಗಿರಬೇಕು; ಯಾವುದರ ಅಂಗಿಗೂ ಹೊಸ ಗುಂಡಿಯನ್ನು ಕೂಡ ಚಿಕ್ಕಮ್ಮ ಸಹಿಸುತ್ತಿರಲಿಲ್ಲ.

ಮುನಿಸಿಕೊಂಡಿದ್ದ ಆ ಗೊಂಬೆ, ಊದುಮೂತಿ, ಮಾತ್ರ ಇದಕ್ಕೆ ಹೊರತು. ಕೊಂಡಾಗ ಅದರ ತಲೆ ಬೋಳಾಗಿತ್ತು. ಆಗ ಅವರ ಒಂಬತ್ತು ವರ್ಷದ ಮಗಳ ತಲೆಯೂ ಚಿಕಿತ್ಸೆಯಿಂದ ಬೋಳಾಗಿತ್ತು. ಅದಕ್ಕೂ ಮೊದಲೇ ಕತ್ತರಿಸಿದ್ದ ಜಡೆ ಕಪಾಟಿನಲ್ಲಿತ್ತು.

"ನನ್ ಜಡೆ ಇವಳಿಗೆ ಕೊಡಮ್ಮ. ಅದಕ್ಕೇ ಮೂತಿ ಊದಿಸ್ಕೊಂಡಿದಾಳೆ" ಎಂದಿದ್ದಳು ಹುಡುಗಿ.

ಅವಳು ಹೋದ ಮೇಲೆ ಚಿಕ್ಕಮ್ಮ ಹನ್ನೊಂದು ತಿಂಗಳು ಕೂತು, ಆ ಕೂದಲನ್ನು ಎಳೆ ಎಳೆಯಾಗಿ ಬಲೆಬಟ್ಟೆಗೆ ಹೊಲಿದು ಗೊಂಬೆಯ ತಲೆಗೆ ಅಂಟಿಸಿದರು. ದಿನಾ ಬೆಳಿಗ್ಗೆ ಬಾಚುತ್ತಿದ್ದರು.

ಹದಿನೇಳು ವರ್ಷ ಹೀಗೇ ಕಳೆಯಿತು. ಹೋದ ವರ್ಷ ಊದುಮೂತಿಯ ಒಂದು ಕಣ್ಣು ಸಡಿಲವಾಗಿ ತಲೆಯೊಳಕ್ಕೆ ಬಿತ್ತು. ಗೊಂಬೆ ರಿಪೇರಿಯವರು ಇದ್ದದ್ದು ಬೇರೆ ಊರಿನಲ್ಲಿ. ಪಾರ್ಸೆಲ್ ಜೊತೆ ಕಳಿಸುವ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ಮೂಲದ್ದಲ್ಲದ ಭಾಗಗಳನ್ನು ಬದಲಿಸಬಹುದೇ? ಎಲ್ಲ ಗೊಂಬೆಗಳಿಗೂ ಹಾಕುತ್ತಿದ್ದಂತೆ ಚಿಕ್ಕಮ್ಮ "ಹೌದು" ಎಂಬಲ್ಲಿ ಗುರುತು ಹಾಕಿದರು. ಆ ಕೂದಲು ಗೊಂಬೆಯದ್ದಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಿಗೆ ಗೊಂಬೆ ವಾಪಸು ಬಂತು. ಕಣ್ಣು ಸರಿಯಾಗಿತ್ತು. ತಲೆಯ ಮೇಲೆ ಹೊಂಬಣ್ಣದ ಆಡಿನ ಕೂದಲು.

ಚಿಕ್ಕಮ್ಮ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಹಳೇ ಕೂದ್ಲು ಎಲ್ಲಿ?"

"ಅದು ಮೂಲದ್ದಲ್ಲ ಮೇಡಂ, ಯಾರೋ ಮನೇಲಿ ಹೊಲಿದಿದ್ದು. ಹೊಲಿಗೆ ಮಾತ್ರ ಬಹಳ ಚೆನ್ನಾಗಿತ್ತು. ಬದಲಿಸಿ ಅಂತ ನೀವೇ ಬರೆದಿದ್ರಲ್ಲ?"

"ಎಲ್ಲಿದೆ ಈಗ?"

"ಕಸದ ಗಾಡಿಗೆ ಹೋಗಿ ತಿಂಗಳಾಯ್ತಲ್ಲ ಮೇಡಂ."

ಚಿಕ್ಕಮ್ಮ ಬೈಯಲಿಲ್ಲ. "ನಿಮ್ದೇನೂ ತಪ್ಪಿಲ್ಲ" ಎಂದು ಫೋನ್ ಇಟ್ಟರು. ಆಮೇಲೆ ನೀರು ಕಾಯಿಸಿ, ನಲವತ್ತು ನಿಮಿಷ ಹಬೆ ಹಿಡಿದು ಹೊಸ ಕೂದಲನ್ನು ತಲೆಯಿಂದ ಬಿಡಿಸಿದರು. ಹಳೆಯ ಅಂಟಿನಲ್ಲಿ ಏನಾದರೂ ಸಿಕ್ಕಿಕೊಂಡಿರಬಹುದೆಂದು ಭೂತಗನ್ನಡಿ ಹಿಡಿದು ಗೊಂಬೆಯ ತೆರೆದ ನೆತ್ತಿಯ ಅಂಚನ್ನು ಸುತ್ತಲೂ ನೋಡಿದರು. ನಾನು ದೀಪ ಹಿಡಿದಿದ್ದೆ. ಮೂರು ಸುತ್ತು ನೋಡಿದರು. ಅಂಚು ತೊಳೆದ ತಟ್ಟೆಯಂತಿತ್ತು.

"ಒಂದೆಳೆ ಉಳಿದಿದ್ರೂ ಸಾಕಿತ್ತು" ಎಂದರು. "ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡ್ಬಾರ್ದಾಗಿತ್ತು ಕಣೋ ಆ ಮನುಷ್ಯ."