ಗೆಜ್ಜೆಯ ಬಾಯಿಗೆ ನೂಲು ತುರುಕಿದ ವರ್ಷ

ಮೊನ್ನೆ ಬಾಗಿಲಿಗೆ ಬಣ್ಣ ಹಚ್ಚುವವನು ಬಂದಿದ್ದ. ಪಡಸಾಲೆಯಲ್ಲಿ ಕೂತು ಡಬ್ಬಿಯ ಮುಚ್ಚಳ ಎಬ್ಬಿಸಿದ್ದೇ ತಡ, ಅಗಸೆ ಎಣ್ಣೆಯ ಕಮಟು ವಾಸನೆ ಮನೆ ತುಂಬಿತು. ಕಾಳು ಹಸನು ಮಾಡುತ್ತಿದ್ದ ನನ್ನ ಕೈ ಮೊರದಲ್ಲೇ ನಿಂತಿತು. "ಯಾಕ್ರೀ ಅತ್ತಿ, ತಲಿ ತಿರಗಾಕತ್ತೈತೇನು?" ಎಂದಳು ಸೊಸೆ. ಇಲ್ಲ ಎಂದೆ. ಈ ವಾಸನೆ ಬಂದಾಗಲೆಲ್ಲ ನನಗೆ ಎದುರುಮನೆಯ ಕಾಕಾ ನೆನಪಾಗುತ್ತಾರೆ. ಅವರ ತಲೆಗೆ ಕಲ್ಲು ಬಿದ್ದ ಸಪ್ಪಳವೂ ಕೇಳುತ್ತದೆ...

ನಾನು ಬೆಟಗೇರಿಗೆ ಸೊಸೆಯಾಗಿ ಬಂದ ದಿನದಿಂದ ಅವರನ್ನು ಕಂಡವಳು. ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ, ಆದರೆ ಕಾಕಾನ ಮಗ್ಗ ನಡೆಯುತ್ತಿದ್ದುದು ಬೈಗುಳದ ಮೇಲೆ. ಉಳಿದವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಅವರಿಗೆ ಕೈಯಲ್ಲೇ ಇರುತ್ತಿತ್ತು. ಎಳೆ ಹರಿದರೆ ಸಾಕು, ಲಾಳಿ ಕಿಟಕಿಯಿಂದ ಹಾರಿ ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ಒಂದು ಸಲ ಅದು ನಮ್ಮ ಎಮ್ಮೆಯ ಕಣ್ಣಿನ ಹತ್ತಿರ ಬಡಿದು ರಕ್ತ ಬಂತು. ನಾನು ಲಾಳಿ ಹಿಡಿದುಕೊಂಡು ಜಗಳಕ್ಕೆ ಹೋದರೆ, "ನಿಮ್ಮ ಎಮ್ಮಿ ಯಾಕ ಅಡ್ಡ ನಿಂತಿತ್ತು?" ಎಂದು ನನ್ನನ್ನೇ ಕೇಳಿದರು. ಅವರ ಹೆಂಡತಿಯನ್ನು ನಾವು ಚಿಗವ್ವ ಎನ್ನುತ್ತಿದ್ದೆವು. ಆಕೆಯ ಮೇಲೂ ಕೈ ಮಾಡುತ್ತಿದ್ದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಕೈ ಮೆತ್ತಗಾಗುತ್ತಿದ್ದುದು ಒಬ್ಬಳ ಮುಂದೆ ಮಾತ್ರ, ಮಗಳ ಮುಂದೆ. ಒಬ್ಬಳೇ ಮಗಳು. ಅವಳನ್ನು ಗಡಿಯಾಚೆ ನಿಜಾಮನ ಸೀಮೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಕೊಡುವಾಗ ಅದು ಗಡಿ ಎಂದು ಯಾರಿಗೂ ಅನ್ನಿಸಿರಲಿಲ್ಲ. ಬುತ್ತಿ ಕಟ್ಟಿಕೊಂಡು ನಡೆದರೆ ಸಂಜೆಗೆ ಮುಟ್ಟುವ ಊರು. ಇಲ್ಲಿ ಸ್ವಾತಂತ್ರ್ಯ ಬಂತು, ಗದಗಿನ ಪೇಟೆಯಲ್ಲಿ ಸಕ್ಕರೆ ಹಂಚಿದರು. ಅಲ್ಲಿ ಬರಲಿಲ್ಲ. ನಿಜಾಮನ ಕಡೆಯ ಗುಂಪುಗಳು ಊರು ಸುಟ್ಟವಂತೆ, ಬೆಳೆ ಒಯ್ದವಂತೆ, ಹೆಣ್ಣುಮಕ್ಕಳು ಬಾವಿಗೆ ಹಾರಿದರಂತೆ ಎಂಬ ಸುದ್ದಿಗಳು ದಿನಕ್ಕೊಂದು ಬರತೊಡಗಿದವು. ಮಗಳ ಖಬರು ಮಾತ್ರ ಇಲ್ಲ. ಕಾಕಾ ಗಡಿಯವರೆಗೆ ಹೋಗಿ, ಬೆನ್ನ ಮೇಲೆ ಅಲ್ಲಿನ ಕಾವಲಿನವರ ಬಾರುಕೋಲಿನ ಬಾಸುಂಡೆ ಹೊತ್ತು ತಿರುಗಿ ಬಂದರು. ಆ ಬೆನ್ನಿಗೆ ಅರಿಸಿನ ಹಚ್ಚಿದವಳು ಚಿಗವ್ವನೇ.

ಯುಗಾದಿಗೆ ಮುಂಚೆ ನಮ್ಮ ಕಡೆಯವರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ತವರಿನ ಸೀರೆ ಒಯ್ಯಬೇಕು, ಅಳಿಯನನ್ನು ಬಾಯಿತುಂಬ ಬೈದು ಬರಬೇಕು. ಕಂಬಿ ಎಂದರೆ ಬಟ್ಟೆ, ಗೊಂಡೆ, ಗೆಜ್ಜೆಗಳಿಂದ ಸಿಂಗರಿಸಿದ ಬಿದಿರಿನ ಅಡ್ಡೆ. ಒಮ್ಮೆ ಹೆಗಲಿಗೇರಿದರೆ ಅದು ಶ್ರೀಶೈಲದವರೆಗೆ ನೆಲ ಮುಟ್ಟಕೂಡದು. ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ, ಇಲ್ಲವೇ ಮರದ ಕವಲಿಗೆ, ಅಷ್ಟೇ. ನಮ್ಮ ಓಣಿಯ ಕಂಬಿ ಕಾಕಾನದು. ಅದರ ನಡುವೆ ಕಟ್ಟುವ ಸೀರೆಯೂ ಅವರದೇ ಮಗ್ಗದ್ದು.

ಹಿಂದಿನ ವರ್ಷ ದಾರಿಯಲ್ಲಿ ಅಡ್ಡಮಳೆ ಹೊಡೆದು ಸೀರೆ ತೊಯ್ದು, ಸೆರಗಿನ ಕೆಂಪು ಮೈಗೆಲ್ಲ ಇಳಿದಿತ್ತು. ಅದನ್ನೇ ದೇವಿಗೆ ಉಡಿಸಿ ಬಂದರು. ಮಗಳ ಸುದ್ದಿ ನಿಂತಮೇಲೆ ಕಾಕಾನ ತಲೆಯಲ್ಲಿ ಅದೊಂದೇ ಕೂತಿತು. ತಾಯಿಗೆ ರಕ್ತ ಬಡಿದಂಥ ಸೀರೆ ಉಡಿಸಿದೆ, ಅದಕ್ಕೇ ನನ್ನ ಮಗಳಿಗೆ ಹೀಗಾಯಿತು. ಈ ಸಲ ಒಣ ಸೀರೆ ಮುಟ್ಟಿಸಿದರೆ ಮಗಳು ಬದುಕಿ ಬರುತ್ತಾಳೆ. ಅದು ಹಾಗಲ್ಲ ಎಂದು ಹೇಳಲು ಯಾರಿಗೆ ಧೈರ್ಯವಿತ್ತು? ಹೇಳಿದವನ ಹಲ್ಲು ಉಳಿಯುತ್ತಿರಲಿಲ್ಲ.

ಹೋಳಿ ಮುಗಿದದ್ದೇ ತಯಾರಿ ಶುರು. ನಾವೆಲ್ಲ ಬಿಸಿಲಿಗೆ ಹೆದರಿ ಉಳ್ಳಾಗಡ್ಡಿ ಕಟ್ಟಿಕೊಂಡೆವು, ಅಂಗಾಲಿಗೆ ಹರಳೆಣ್ಣೆ ತಿಕ್ಕಿದೆವು, ಕಟಕರೊಟ್ಟಿ ಶೇಂಗಾಚಟ್ನಿ ಗಂಟು ಹಾಕಿದೆವು. ಕಾಕಾ ಹೆದರಿದ್ದು ಮಳೆಗೆ ಮಾತ್ರ. ದಪ್ಪ ಬಟ್ಟೆಗೆ ಅಗಸೆ ಎಣ್ಣೆ ಕಾಸಿ ಬಳಿದು ಮಾಳಿಗೆಯ ಮೇಲೆ ಒಣಗಿಸಿದರು, ಮತ್ತೆ ಬಳಿದರು, ಮತ್ತೆ ಒಣಗಿಸಿದರು. ಓಣಿಯೆಲ್ಲ ನಾರಿತು. ಅದನ್ನು ಕಂಬಿಗೆ ಸುತ್ತಿ ಮೇಲೆ ಕರಿಯ ಕಂಬಳಿ ಬಿಗಿದರು. ಒಳಗಿನ ಗೆಜ್ಜೆಗಳು ಅಲುಗಾಡಿ ಉಜ್ಜಿದರೆ ಬಟ್ಟೆ ತೂತಾಗುತ್ತದೆಂದು, ಪ್ರತಿ ಗೆಜ್ಜೆಯ ಬಾಯಿಗೂ ತುಂಡುನೂಲು ತುರುಕಿ, ಚಿಂದಿ ಸುತ್ತಿ ಗಂಟು ಹಾಕಿದರು.

"ಗೆಜ್ಜಿ ಸಪ್ಪಳಿಲ್ದ ಕಂಬಿ ಹೆಣ ಹೊತ್ತಂಗ ಕಾಣತೈತ್ರಿ," ಎಂದಳು ಚಿಗವ್ವ. ಕಾಕಾ ಕೈಯಲ್ಲಿದ್ದ ಎಣ್ಣೆಯ ಕುಡಿಕೆಯನ್ನು ಆಕೆಯ ಕಾಲಬಳಿ ಒಗೆದರು. ಅದು ಒಡೆದು ಚೂರಾಯಿತು. ಚಿಗವ್ವ ಚೂರು ಆರಿಸಿ, ಬುತ್ತಿ ಕಟ್ಟಲು ಕೂತಳು. ಅವಳೂ ಹೊರಟಿದ್ದಳು.

ಹದಿನೈದಿಪ್ಪತ್ತು ಮಂದಿ ಹೊರಟೆವು. ನಮ್ಮ ಮನೆಯ ಹರಕೆಗೆಂದು ನಾನು. ಮುಂಡರಗಿ ತಲುಪಿದಾಗ ಪೇಟೆಯ ಬಾಗಿಲುಗಳು ಹಾಡಹಗಲೇ ಮುಚ್ಚಿದ್ದವು. ಗಡಿಯಾಚೆಯಿಂದ ಓಡಿ ಬಂದವರು ಮರಗಳ ಬುಡದಲ್ಲಿ ಒಲೆ ಹೂಡಿದ್ದರು. ಕಾಕಾ ಒಬ್ಬೊಬ್ಬರ ಮುಖ ಹಣಿಕಿ ನೋಡಿ, ಮಗಳ ಊರಿನ ಹೆಸರು ಹೇಳಿ ಕೇಳಿದರು. ಒಬ್ಬ ಮುದುಕಿ ಕೈ ತಿರುವಿ ಆಕಾಶ ತೋರಿಸಿದಳು. ಕಾಕಾ ಅವಳನ್ನು ಹೊಡೆಯಲು ಕೈ ಎತ್ತಿ... ಇಳಿಸಿದರು. ಅವರು ಎತ್ತಿದ ಕೈ ಇಳಿಸಿದ್ದನ್ನು ನಾನು ಅದೇ ಮೊದಲ ಸಲ ಕಂಡೆ.

ನಾವು ನಿಜಾಮನ ಸೀಮೆ ಬಿಟ್ಟು, ಹೊಳೆ ದಾಟಿ ಬಳ್ಳಾರಿಯ ಕಡೆಯಿಂದ ಹೋಗುವುದೆಂದು ಆಗಿತ್ತು. ಹೊಳೆಯ ಕಡೆಗೆ ನಡೆಯುತ್ತಿರುವಾಗ ಮಧ್ಯಾಹ್ನದ ಬಿಸಿಲೇ ಕಪ್ಪಾಯಿತು. ಗಾಳಿ ಎರೆಹೊಲದ ಮಣ್ಣೆತ್ತಿ ಕಣ್ಣಿಗೆ ಎರಚಿತು. ಆಮೇಲೆ ಆಲಿಕಲ್ಲು. ಬೆಲ್ಲದ ಹೆಂಟೆಯಂಥವು ತಲೆ, ಭುಜ, ಬೆನ್ನು ಎನ್ನದೆ ಬಡಿದವು. ಗಿಳಿಗಳು ಮರದಿಂದ ಉದುರಿ ದಾರಿಯ ಮೇಲೆ ಬಿದ್ದು ಒದ್ದಾಡಿದವು. ಮುಂದೊಂದು ಹಳ್ಳಿ ಕಂಡಿತು. ಎಲ್ಲರೂ ಅತ್ತ ಓಡಿದೆವು, ಎಲ್ಲರಿಗಿಂತ ಮುಂದೆ ಹೆಗಲ ಮೇಲೆ ಕಂಬಿ ಹೊತ್ತ ಕಾಕಾ.

ಆ ಹಳ್ಳಿಯವರು ನಮ್ಮ ಸೀಮೆಯವರೇ, ನಮ್ಮದೇ ದೇವರು ಅವರದೂ. ಕೆಲವು ದಿನಗಳ ಹಿಂದೆ ಗಡಿಯಾಚೆಯ ಗುಂಪೊಂದು ನುಗ್ಗಿ ಅವರ ಕಣ ಸುಟ್ಟು ಹೋಗಿತ್ತು. ಅಂದಿನಿಂದ ಊರ ಕಾವಲು ಬುರುಜಾದ ಹುಡೇವಿನ ಮೇಲೆ ಕವಣೆ ಹಿಡಿದು ಕಾಯುತ್ತಿದ್ದರು. ಮಳೆಯ ಮಬ್ಬಿನಲ್ಲಿ ಅವರಿಗೆ ಕಂಡದ್ದು ಊರಿನ ಮೇಲೆ ಓಡಿಬರುತ್ತಿದ್ದ ಗುಂಪು, ಅದರ ಮುಂದೆ ಕರಿಯ ಕಂಬಳಿ ಸುತ್ತಿದ ಉದ್ದನೆಯ ಹೊರೆ. ಬಂದೂಕುಗಳ ಕಟ್ಟೆಂದೇ ತಿಳಿದರು.

"ಹೊತ್ತದ್ದು ನೆಲಕ್ಕ ಒಗೀರಿ! ಕೈ ಮ್ಯಾಲೆತ್ತರಿ!" ಎಂದು ಮೇಲಿನಿಂದ ಕೂಗಿದರು.

ನೆಲಕ್ಕೆ ಒಗೆಯುವುದೆ? ಕಂಬಿಯನ್ನೆ? "ಒಗಿಯಂಗಿಲ್ಲಲೇ!" ಎಂದು ಕಾಕಾ ಚೀರಿದರು. "ಮಲ್ಲಯ್ಯನ ಕಂಬಿ ಐತಿ!" ಆ ಆಲಿಕಲ್ಲಿನ ಸದ್ದಿನಲ್ಲಿ ಅವರ ಮಾತು ನನಗೇ ಅರ್ಧ ಕೇಳಿತು. ಹುಡೇವಿನ ಮೇಲಿದ್ದವರಿಗೆ ಕಂಡದ್ದು ಮನುಷ್ಯ ಹೊರೆ ಇಳಿಸಲಿಲ್ಲ, ಕೈ ಎತ್ತಲಿಲ್ಲ ಎಂಬುದಷ್ಟೇ. ಕವಣೆಗಳು ತಿರುಗಿದವು. ಮೊದಲ ಕಲ್ಲು ಕಾಕಾನ ಎದೆಗೆ ಬಡಿಯಿತು. ಎರಡನೆಯದು ದವಡೆಗೆ. ಬಾಯಿಂದ ರಕ್ತ ಸುರಿಯಿತು. ಜೀವಮಾನವಿಡೀ ಕಂಡಕಂಡವರ ಮೇಲೆ ಕೈ ಮಾಡಿದ ಮನುಷ್ಯ ಅಂದು ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತೇ ಇದ್ದರು. ಮುಖಕ್ಕೆ ಅಡ್ಡ ಹಿಡಿಯಲೂ ಒಂದು ಕೈ ಬಿಡಲಿಲ್ಲ. ಇನ್ನೊಂದು ಕಲ್ಲು ಹಣೆಗೆ ಬಿತ್ತು. ತೆಂಗಿನಕಾಯಿ ಒಡೆದ ಸಪ್ಪಳ...

ಅವರು ಮೊಣಕಾಲೂರಿದರು. ಕಂಬಿಯ ತುದಿ ನೆಲದಿಂದ ಒಂದು ಗೇಣು ಮೇಲಿತ್ತು. ನಾನು ಓಡಿಹೋಗಿ ಅದರಡಿ ಹೆಗಲು ಕೊಟ್ಟೆ. ಹೆಂಗಸು ಕಂಬಿ ಮುಟ್ಟಬಾರದೆಂದು ಕಟ್ಟಳೆ ಇತ್ತು. ಅಂದು ಕಟ್ಟಳೆ ಹೇಳಲು ಯಾರೂ ಬರಲಿಲ್ಲ. ನನ್ನ ತೋಳಿಗೂ ಒಂದು ಕಲ್ಲು ಬಡಿಯಿತು, ಆ ಎಲುಬು ಈಗಲೂ ಮೋಡ ಕಟ್ಟಿದರೆ ನೋಯುತ್ತದೆ. ಅಷ್ಟರಲ್ಲಿ ಚಿಗವ್ವ ಹುಚ್ಚಿಯಂತೆ ಕಂಬಳಿ ಎಳೆದಳು, ಎಣ್ಣೆಬಟ್ಟೆ ಹರಿದಳು, ಗೆಜ್ಜೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ ನೂಲು ಕಿತ್ತೆಸೆದಳು. ಒಂದು ಗೆಜ್ಜೆ, ಎರಡು ಗೆಜ್ಜೆ... ಆಮೇಲೆ ಇಡೀ ಕಂಬಿಯನ್ನು ಹಿಡಿದು ಗದಗದ ಅಲುಗಾಡಿಸಿದಳು.

ಕಲ್ಲು ನಿಂತವು. ಆ ಗೆಜ್ಜೆಯ ಸದ್ದು ಗೊತ್ತಿಲ್ಲದ ಹಳ್ಳಿ ನಮ್ಮ ಕಡೆ ಎಲ್ಲಿದೆ? ಹುಡೇವಿನಿಂದ ಬಿದ್ದೆದ್ದು ಓಡಿ ಬಂದರು. ಎಲ್ಲರಿಗಿಂತ ಮುಂದೆ ಬಂದ ನಡುವಯಸ್ಸಿನವನೊಬ್ಬ ಕಾಕಾನನ್ನು ನೋಡಿದ, ಕಂಬಿಯನ್ನು ನೋಡಿದ, ಕೈಯಲ್ಲಿದ್ದ ಕವಣೆಯಿಂದ ತನ್ನ ಮುಖಕ್ಕೆ ತಾನೇ ರಪರಪ ಹೊಡೆದುಕೊಳ್ಳತೊಡಗಿದ. ಹಿಡಿದು ನಿಲ್ಲಿಸಲು ನಾಲ್ವರು ಬೇಕಾಯಿತು.

ಕಾಕಾನ ತಲೆ ಚಿಗವ್ವನ ತೊಡೆಯ ಮೇಲಿತ್ತು. ಕಣ್ಣು ನನ್ನನ್ನು ಹುಡುಕಿದವು. "ಸೀರಿ... ತೊಯ್ದೈತೇನ ನೋಡು," ಎಂದರು. ನಾನು ಹೆಗಲು ಕದಲಿಸದೆ ಒಳಗೆ ಕೈ ಹಾಕಿದೆ. ಎಣ್ಣೆಬಟ್ಟೆಯ ಒಳಪದರಿನಲ್ಲಿ ಸೀರೆ ಬೆಚ್ಚಗೆ, ಒಂದು ಹನಿಯೂ ತಾಗದೆ ಇತ್ತು.

"ಒಣಗೇ ಐತ್ರಿ ಕಾಕಾ."

ಅವರು ತಲೆ ಆಡಿಸಿದರು. ಸಂಜೆಗೆ ಮುಂಚೆ ಜೀವ ಹೋಯಿತು.

ಅವರನ್ನು ಅಲ್ಲೇ ಮಣ್ಣು ಮಾಡಿದೆವು. ತಿರುಗಿ ಹೋಗೋಣ ಎಂದವರಿಗೆ ಚಿಗವ್ವ, "ನಾ ಒಬ್ಬಾಕಿನಾ ಹೊಕ್ಕೀನಿ. ನೀವು ಮನೀಗೆ ಹೋಗ್ರಿ," ಎಂದಳು. ಯಾರೂ ತಿರುಗಲಿಲ್ಲ. ಮುಂದೆ ಶ್ರೀಶೈಲದವರೆಗೆ ಕಂಬಿ ಹೊತ್ತವನು ಆ ಕವಣೆಯವನೇ. ಅವನ ಊದಿದ ಮುಖ ನೋಡಿದಾಗಲೆಲ್ಲ ನನಗೆ ಕೊಲ್ಲುವಷ್ಟು ಸಿಟ್ಟು ಬರುತ್ತಿತ್ತು. ಅವನಿಗೆ ದಿನಾ ಬುತ್ತಿಯಲ್ಲಿ ರೊಟ್ಟಿ ಕೊಟ್ಟವಳು ಚಿಗವ್ವ. ಅಲ್ಲಿ ಅಳಿಯ ಮಲ್ಲಯ್ಯನನ್ನು ಬೈಯುವ ಹೊತ್ತು ಬಂದಾಗ ಎಲ್ಲರೂ ನಗುತ್ತ ಬೈದರು. ನಾನು ನಗಲಿಲ್ಲ. ನನ್ನ ಬಾಯಿಂದ ಅಂದು ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ.

ನಿಜಾಮನ ಆಳಿಕೆ ಮುಗಿದ ಕೆಲವು ದಿನಗಳಿಗೆ, ಒಂದು ಮುಂಜಾನೆ, ಕಂಕುಳಲ್ಲಿ ಕೂಸು ಹೊತ್ತ ಬಡಕಲು ಹೆಂಗಸೊಬ್ಬಳು ಎದುರುಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗಳು. ಊರು ಸುಟ್ಟಾಗ ಗುಡ್ಡದ ಗವಿಯಲ್ಲಿ ಅಡಗಿ ಉಳಿದುಕೊಂಡಿದ್ದಳು. "ಅಪ್ಪಾ ಎಲ್ಲ್ಯದಾನ?" ಎಂದು ಕೇಳಿದಳು. ಚಿಗವ್ವ ಮಗ್ಗದ ಕಡೆ ನೋಡಿದಳು, ನಾನು ಕೂಸನ್ನು ಎತ್ತಿಕೊಂಡೆ... ಕೆಲವು ವರ್ಷಗಳಿಗೆ ನಾಡು ಒಂದಾಯಿತು. ಆ ಗಡಿ ಎಲ್ಲಿತ್ತೆಂದು ಈಗ ತೋರಿಸಲೂ ಬರುವುದಿಲ್ಲ. ಬಸ್ಸಿನಲ್ಲಿ ಕೂತು ನಿದ್ದೆ ಹತ್ತುವುದರೊಳಗೆ ಮಗಳ ಊರು ಬರುತ್ತದೆ.

ಬಣ್ಣದವನು ಹೋದ ಸಂಜೆ ಮೋಡ ಕಟ್ಟಿತ್ತು. ಎಲುಬು ನೋಯುತ್ತಿತ್ತು. ಶ್ರೀಶೈಲಕ್ಕೆ ಹೊರಟ ಹುಡುಗರ ಗುಂಪೊಂದು ನಮ್ಮ ಓಣಿಯಲ್ಲಿ ಹಾದು ಬಂತು. ಕಂಬಿಗೆ ಮೇಲಿನಿಂದ ಕೆಳಗಿನವರೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಬಿಗಿದಿದ್ದರು. ಸದ್ದೇ ಇಲ್ಲ. ನಾನು ಕೋಲೂರಿಕೊಂಡು ಅಂಗಳಕ್ಕಿಳಿದು ಅಡ್ಡ ನಿಂತೆ.

"ತಮ್ಮಾ, ಗೆಜ್ಜಿ ಹೊರಗ ಬಿಡಪಾ."

"ಮಳಿ ಬರೂವಂಗೈತಿ ಅಮ್ಮಾ. ಸೀರಿ ತೊಯ್ತೈತಿ," ಎಂದ ಹೊತ್ತವನು.

"ತೊಯ್ಲಿ. ಸೀರಿ ತೊಯ್ದ್ರ ಒಣಗತೈತಿ," ಎಂದೆ. ನನ್ನ ದನಿ ಕೇಳಿ ಸೊಸೆ ಒಳಗಿನಿಂದ ಓಡಿ ಬಂದಳು.

ಹುಡುಗ ಏನು ತಿಳಿದನೋ, ಹಾಳೆ ಸರಿಸಿ ಗೆಜ್ಜೆಯ ಗೊಂಚಲನ್ನು ಹೊರಗೆಳೆದ. ಅವರು ಓಣಿ ತಿರುಗಿ ಹೋದರು. ಸದ್ದು ಕೇಳುವಷ್ಟು ಹೊತ್ತು ನಿಂತಿದ್ದೆ. ಕೇಳದಾದ ಮೇಲೂ ನಿಂತಿದ್ದೆ. ಎದುರುಮನೆಯಲ್ಲಿ ಈಗ ಯಾರೂ ಮಗ್ಗ ಹೂಡುವುದಿಲ್ಲ, ಕಿಟಕಿಯಿಂದ ಲಾಳಿ ಹಾರಿ ಬರುವುದಿಲ್ಲ.